ಹಬೆಯೆದುರು ಹಿಡಿದ ಉಸಿರು

ಗೋರೆಗಾಂವ್ ಪೂರ್ವದಲ್ಲಿ, ಆಫೀಸು ಕಟ್ಟಡಗಳ ಹಿಂದಿನ ಗಲ್ಲಿಯಲ್ಲಿ, ಬೆಳಕು ಹರಿಯುವ ಮೊದಲೇ ಒಂದು ಶಟರಿನ ಕೆಳಗಿನಿಂದ ಹಬೆ ಹೊರಗೆ ಹರಿಯುತ್ತದೆ. ಬೆಳಗಿನ ನಡಿಗೆಗೆ ಹೊರಟವರು ಅದನ್ನು ದಾಟುವಾಗ ಮೊಣಕಾಲಿನ ಕೆಳಗೆ ಏನೂ ಇಲ್ಲದವರಂತೆ, ತೇಲುತ್ತ ಹೋಗುವವರಂತೆ ಕಾಣುತ್ತಾರೆ. ಶಟರಿನ ಒಳಗೆ ಸೇವಂತಿ ಇಡ್ಲಿ ಬೇಯಿಸುತ್ತಿರುತ್ತಾಳೆ.

ಅವಳಿಗೆ ನಲವತ್ತು ದಾಟಿದೆ. ಗಿಡ್ಡ ಮೈಕಟ್ಟು, ಅಗಲವಾದ ಅಂಗೈ. ಎಡ ಮುಂಗೈಯ ಮೇಲೆ ಹಬೆ ತಾಗಿ ಸುಟ್ಟ ಹಳೆಯ ಕಲೆಗಳಿವೆ. ಬಲಗೈಯ ಗೆಣ್ಣುಗಳ ಚರ್ಮ ಬೇರೆ ರೀತಿಯಲ್ಲಿ ದಪ್ಪಗಾಗಿದೆ. ಅದು ಹಲಗೆಗೆ ಗುದ್ದಿ ಗುದ್ದಿ ಆದದ್ದು. ಕ್ಯಾಂಟೀನಿಗೆ ತಿಂಡಿಗೆ ಬರುವ ಆಫೀಸಿನ ಹುಡುಗಿಯರು ಎರಡನ್ನೂ ಒಲೆಯ ಗುರುತು ಎಂದೇ ತಿಳಿದಿದ್ದಾರೆ. ಅವಳು ತಿದ್ದಲು ಹೋಗುವುದಿಲ್ಲ.

ಮಲ್ಪೆಯ ಬಳಿಯ ಕಡಲ ತೀರದಿಂದ ಮದುವೆಯಾಗಿ ಬಂದಾಗ ಅವಳು ಇಳಿದದ್ದು ವಡಾಲದ ಬಾಡಿಗೆ ಕೋಣೆಗೆ. ಗಂಡ ಮೋನಪ್ಪ ಆಗ ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ. ಅತ್ತೆ ಮನೆಯಲ್ಲೇ ಇಡ್ಲಿ ಮಾಡಿ ಸುತ್ತಲಿನ ಅಂಗಡಿಗಳಿಗೆ ಕೊಡುತ್ತಿದ್ದರು. ಬಂದ ಮರುದಿನವೇ ಸೇವಂತಿ ಸ್ಟೀಮರಿನ ಬಾಗಿಲನ್ನು ಮುಖಕ್ಕೆ ನೇರವಾಗಿ ತೆರೆದಳು. ಹಬೆಯ ಮೊದಲ ಅಲೆ ಮೂಗಿನೊಳಗೆ ನುಗ್ಗಿ ಕಣ್ಣಲ್ಲಿ ನೀರು ಬಂತು. ಅತ್ತೆ ಬೈಯಲಿಲ್ಲ. ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು: ಹಿಡಿಗೆ ಕೈ ಹಾಕುವ ಮೊದಲೇ ಉಸಿರು ಎಳೆದುಕೊಳ್ಳಬೇಕು, ಮುಖ ಆಚೆ ತಿರುಗಿಸಬೇಕು, ಬಾಯಿ ಮುಚ್ಚಿ ತಟ್ಟೆಗಳನ್ನು ಎತ್ತಿ ಕಲ್ಲಿನ ಮೇಲೆ ಇಳಿಸಬೇಕು. ಆಮೇಲೆಯೇ ಉಸಿರು ಬಿಡುವುದು. ಹಬೆಯ ಎದುರು ಬಾಯಿ ಬಿಟ್ಟವಳ ಎದೆ ಬೇಯುತ್ತದೆ ಎಂದು ಅವರು ಹೇಳಿದ್ದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಪಾಠ ಮಾತ್ರ ಸೇವಂತಿಯ ಮೈಯಲ್ಲಿ ಉಳಿಯಿತು. ಅವಳಿಗೇ ಗೊತ್ತಿಲ್ಲದೆ ಬೇರೂರಿತು. ನೀರಿನ ಕೊಡ ಎತ್ತುವಾಗ, ಅಕ್ಕಿ ಚೀಲ ಸರಿಸುವಾಗ, ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುವಾಗಲೂ ಅವಳು ಮೊದಲು ಬಾಯಿ ಮುಚ್ಚುತ್ತಿದ್ದಳು.

ಕರಾಟೆಗೆ ಸೇರಿದ್ದು ಅವಳಲ್ಲ, ಅವಳ ಮಗಳು ಯಕ್ಷಿತಾ. ವಡಾಲದ ಹೌಸಿಂಗ್ ಕಾಲನಿಯ ಹಾಲಿನಲ್ಲಿ ಸಂಜೆ ಕ್ಲಾಸು ನಡೆಯುತ್ತಿತ್ತು. ಕಲಿಸುತ್ತಿದ್ದವರು ಶಿವಪುತ್ರ, ವಿಜಯಪುರದ ಕಡೆಯವರು, ಹಗಲು ಬಂದರಿನ ಗೋದಾಮಿನಲ್ಲಿ ಕೆಲಸ. ಹುಡುಗಿಯನ್ನು ಕರೆದುಕೊಂಡು ಹೋದ ಸೇವಂತಿ ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಂದು ದಿನ ಶಿವಪುತ್ರ ಮಕ್ಕಳಿಗೆ ಹೊಸ ನಿಲುವು ಕಲಿಸಿದರು. ತೂಕವೆಲ್ಲ ಹಿಂದಿನ ಕಾಲಿನ ಮೇಲೆ, ಹಿಮ್ಮಡಿ ನೆಲಕ್ಕೆ ಊರಿ, ಸೊಂಟ ತಗ್ಗಿಸಿ, ಬೆನ್ನು ನೇರ. ಮಕ್ಕಳು ತೂರಾಡಿದವು. ಸೇವಂತಿ ಮೆಟ್ಟಿಲ ಮೇಲೆ ಮುಂದಕ್ಕೆ ಸರಿದು ಕೂತಳು. ಆ ಕಾಲುಗಳನ್ನು ಅವಳು ನೋಡಿದ್ದಳು.

ಅವಳ ಊರಿನಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯವರು ಉದ್ದದ ಬಲೆಯನ್ನು ಕಡಲಿನೊಳಗೆ ಅರ್ಧಚಂದ್ರದ ಹಾಗೆ ಹರಡಿ ಬರುತ್ತಿದ್ದರು. ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತು ಊರೇ ಎಳೆಯುತ್ತಿತ್ತು, ಗಂಡಸರು, ಹೆಂಗಸರು, ಶಾಲೆಯಿಂದ ಬಂದ ಮಕ್ಕಳು. ಹಿಮ್ಮಡಿಯನ್ನು ಮರಳಿಗೆ ಊರಿ, ತೂಕವನ್ನು ಹಿಂದಿನ ಕಾಲಿಗೆ ಬಿಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ. ಸೇವಂತಿ ಹಗ್ಗದ ಬಾಲದಲ್ಲಿ ಇರುತ್ತಿದ್ದಳು. ಎಳೆಯುವುದಕ್ಕಿಂತ ಹೆಚ್ಚಾಗಿ ಅವಳು ಹಗ್ಗಕ್ಕೆ ಜೋತುಬಿದ್ದಿರುತ್ತಿದ್ದಳು. ಮುಂದೆ ಅಪ್ಪನ ಕಾಲು, ಅದರಾಚೆ ಇನ್ಯಾರದೋ ಕಾಲು, ಅದರಾಚೆ ನೀರಿನ ಹೊಳಪು.

ವಡಾಲದ ಆ ಹಾಲಿನಲ್ಲಿ ಮರಳಿರಲಿಲ್ಲ, ಸಿಮೆಂಟಿನ ನೆಲ. ಆದರೂ ಮುಂದಿನ ವಾರ ಸೇವಂತಿ ಸಲ್ವಾರಿನ ಮೇಲೆ ದುಪ್ಪಟ್ಟಾ ಬಿಗಿದು ಕಟ್ಟಿಕೊಂಡು ಮಕ್ಕಳ ಹಿಂದಿನ ಸಾಲಿನಲ್ಲಿ ನಿಂತಳು. ಶಿವಪುತ್ರ ಯಾಕೆ ಬಂದಿರಿ ಎನ್ನಲಿಲ್ಲ. ಅವಳ ನಿಲುವು ನೋಡಿ ಸುತ್ತ ಒಂದು ಬಾರಿ ನಡೆದು, ಇದನ್ನು ಎಲ್ಲಿ ಕಲಿತಿರಿ ಎಂದಷ್ಟೇ ಕೇಳಿದರು. ಕಡಲಿನಲ್ಲಿ ಎಂದಳು. ಅವರು ತಲೆಯಾಡಿಸಿದರು, ಎಲ್ಲರೂ ಅಲ್ಲೇ ಕಲಿಯುವವರು ಎಂಬಂತೆ.

ಯಕ್ಷಿತಾ ಹೈಸ್ಕೂಲಿಗೆ ಬರುವಷ್ಟರಲ್ಲಿ ಕರಾಟೆ ಬಿಟ್ಟಳು. ತಾಯಿ ಬಿಡಲಿಲ್ಲ. ಮೋನಪ್ಪ ಗೋರೆಗಾಂವಿನಲ್ಲಿ ಸ್ವಂತ ಕ್ಯಾಂಟೀನು ತೆರೆದು ಸಂಸಾರ ಅಲ್ಲಿಗೆ ಬಂದ ಮೇಲೂ, ಕ್ಲಾಸಿನ ದಿನ ಸಂಜೆ ಅವಳು ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಕ್ಕೆ ಹೋಗುತ್ತಿದ್ದಳು. ಗಾಡಿ ಗೋರೆಗಾಂವಿನಿಂದಲೇ ಹೊರಡುವುದರಿಂದ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಗುತ್ತಿತ್ತು. ನಿನ್ನ ಜಪಾನ್ ಗಾಡಿ ಬಂತು ಎಂದು ಮೋನಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿ ಹೇಳುತ್ತಿದ್ದ.

ಆ ಪ್ರಯಾಣ ಅವಳಿಗೆ ಕ್ಲಾಸಿಗಿಂತ ಮೊದಲಿನ ಕ್ಲಾಸು. ಕರಾಟೆಯಲ್ಲಿ ಕಾತಾ ಎಂಬುದೊಂದಿದೆ. ಎದುರಾಳಿ ಇಲ್ಲದೆ, ಇದ್ದಾನೆಂದುಕೊಂಡು, ಗೊತ್ತಾದ ಕ್ರಮದಲ್ಲಿ ತಡೆದು, ತಿರುಗಿ, ಗುದ್ದಿ, ಹೆಜ್ಜೆ ಇಡುತ್ತ ಹೋಗುವುದು. ಕಣ್ಣು ಮುಚ್ಚಿದ ಸೇವಂತಿ ಅದನ್ನು ಸೀಟಿನ ಕೆಳಗೆ ಬರಿಯ ಕಾಲ್ಬೆರಳುಗಳಲ್ಲಿ ಮಾಡುತ್ತಿದ್ದಳು. ಅಂಧೇರಿಯಲ್ಲಿ ಜನ ನುಗ್ಗುತ್ತಿದ್ದರು, ಯಾರದೋ ಬ್ಯಾಗು ಮಡಿಲಿಗೆ ಬರುತ್ತಿತ್ತು, ಮೊಳ ಹೂವಿನ ವಾಸನೆ, ಒದ್ದೆ ಕೊಡೆಯ ವಾಸನೆ. ಬಾಂದ್ರಾ ಬಿಟ್ಟು ಗಾಡಿ ಖಾಡಿಯ, ಕಡಲು ಒಳಸರಿದ ಆ ಹಿನ್ನೀರಿನ, ಸೇತುವೆ ದಾಟುವಾಗ ಕಿಟಕಿಯಿಂದ ಉಪ್ಪು ಬೆರೆತ ಕೆಸರಿನ ಗಾಳಿ ಬರುತ್ತಿತ್ತು. ಅಲ್ಲಿ ಅವಳ ಕಾತಾ ತನ್ನಷ್ಟಕ್ಕೆ ನಿಧಾನವಾಗುತ್ತಿತ್ತು. ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ಸೇತುವೆಯ ಮೇಲೆ ಅವಳಿಗೆ ಹಗ್ಗ ಕಾಣುತ್ತಿತ್ತು, ನೀರು ಕಾಣುತ್ತಿತ್ತು, ಎಳೆಯುವವರ ಬೆನ್ನುಗಳು ಕಾಣುತ್ತಿದ್ದವು. ಆದರೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಮಾತಿಲ್ಲದ ಹಳೆಯ ಸಿನಿಮಾದಂತೆ ಊರು ಕಡಲನ್ನು ಎಳೆಯುತ್ತಿತ್ತು.

ವರ್ಷಗಳು ಹಾಗೆ ಹೋದವು. ಬೆಲ್ಟಿನ ಬಣ್ಣ ಬದಲಾಗುತ್ತ ಕಂದುಬಣ್ಣಕ್ಕೆ ಬಂದು ನಿಂತಿತು. ಕೊನೆಗೆ ಉಳಿದದ್ದು ಕಪ್ಪು.

ಅವಳ ತೊಂದರೆ ಏನೆಂದು ಶಿವಪುತ್ರರಿಗೆ ಮೊದಲಿನಿಂದಲೂ ಕಾಣುತ್ತಿತ್ತು. ಕಾತಾದಲ್ಲಿ ಒಂದೆರಡು ಕಡೆ, ಪೂರ್ತಿ ಬಲ ಹಾಕಿ ಹೊಡೆಯುವ ಜಾಗದಲ್ಲಿ, ಕೂಗಬೇಕು. ಅದನ್ನು ಕಿಯಾಯ್ ಎನ್ನುತ್ತಾರೆ. ಇಂಥದೇ ಶಬ್ದ ಎಂದಿಲ್ಲ; ಹೊಟ್ಟೆಯಿಂದ ಉಸಿರೆಲ್ಲ ಹೊಡೆತದ ಜೊತೆ ಹೊರಗೆ ಬರಬೇಕು, ಅಷ್ಟೇ. ಮಕ್ಕಳು ಹಾಲಿನ ಕಿಟಕಿಗಳ ಗಾಜು ಅದುರುವಂತೆ ಕೂಗುತ್ತಿದ್ದವು. ಸೇವಂತಿಯ ಬಾಯಿಂದ ಮಾತ್ರ, ಹೊಡೆತ ಮುಗಿದು ಕೈ ಹಿಂದಕ್ಕೆ ಬಂದ ಮೇಲೆ, ಬಿಸಿ ಪಾತ್ರೆ ಕೆಳಗಿಟ್ಟವಳ ಹಾಗೆ ಒಂದು ಸಣ್ಣ ಹುಸ್ ಬರುತ್ತಿತ್ತು.

ಶಿವಪುತ್ರ ಅವಳ ಬಾಯಿಯ ಮುಂದೆ ಅಂಗೈ ಹಿಡಿದು ಗುದ್ದಲು ಹೇಳಿದರು. ಗುದ್ದಿದಳು. ಅಂಗೈಗೆ ಗಾಳಿ ತಾಗಲಿಲ್ಲ.

"ಅಕ್ಕಾರ, ಕಾಲು ಛಲೋ ಅದಾವ. ಕೈನೂ ಛಲೋ ಅದಾವ," ಎಂದರು. "ಖರೆ ಉಸಿರು ಎಲ್ಲಿಟ್ಟು ಬಂದೀರಿ? ಗೋರೆಗಾಂವ್‌ನಾಗ ಒಲಿ ಮ್ಯಾಲೆ ಇಟ್ಟು ಬಂದೀರೇನು?"

ಮಕ್ಕಳು ನಕ್ಕವು. ಸೇವಂತಿಯೂ ನಕ್ಕಳು. ಅದು ತಮಾಷೆಯ ಮಾತು ಎಂದೇ ಇಬ್ಬರೂ ಅಂದುಕೊಂಡರು.

ಕಪ್ಪು ಬೆಲ್ಟಿನ ಪರೀಕ್ಷೆ ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ. ಪುಣೆಯಿಂದ ಒಬ್ಬ ಹಿರಿಯ ಪರೀಕ್ಷಕಿ ಬರುತ್ತಿದ್ದರು. ಬೆಳ್ಳಿ ಕೂದಲು, ತಗ್ಗಿದ ದನಿ. ಸೇವಂತಿ ಮೊದಲ ಸಲ ಅವರೆದುರು ನಿಂತಾಗ ಒಂದು ಹೆಜ್ಜೆಯೂ ತಪ್ಪಲಿಲ್ಲ. ಮುಗಿದ ಮೇಲೆ ಆಕೆ ಮರಾಠಿಯಲ್ಲಿ ಹೇಳಿದರು: ಮನೆ ತುಂಬಾ ಚೆನ್ನಾಗಿ ಕಟ್ಟಿದ್ದೀಯ, ಒಳಗೆ ಯಾರೂ ಇಲ್ಲ. ಮುಂದಿನ ವರ್ಷ ಬಾ.

ಇನ್ನೊಂದೇ ಅವಕಾಶ ಎಂದು ಅದರ ಅರ್ಥ. ಎರಡು ಸಲ ತಪ್ಪಿದವರು ಮತ್ತೆ ಕೆಳಗಿನ ಬೆಲ್ಟಿಗೆ ಇಳಿದು ಅಲ್ಲಿಂದ ಹತ್ತಿ ಬರಬೇಕೆಂಬುದು ಅವರ ಸಂಘದ ನಿಯಮ. ಚಿಕ್ಕವರಿಗೆ ಅದು ದೊಡ್ಡ ಮಾತಲ್ಲ. ಸೇವಂತಿಯ ಮಂಡಿಗಳು ಮೆಟ್ಟಿಲಿಳಿಯುವಾಗ ಆಗಲೇ ಸದ್ದು ಮಾಡುತ್ತಿದ್ದವು. ಇನ್ನೊಮ್ಮೆ ಅಷ್ಟು ವರ್ಷ ಹತ್ತುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

ಬಲ ಸಾಲದು, ಅದಕ್ಕೇ ಹೊಡೆತ ಟೊಳ್ಳು ಎಂದು ಶಿವಪುತ್ರ ತೀರ್ಮಾನಿಸಿದರು. ತಮ್ಮ ಊರ ಗರಡಿಯಲ್ಲಿ ಕಲ್ಲುಗುಂಡು ಎತ್ತದವನನ್ನು ಅಖಾಡಕ್ಕೇ ಬಿಡುತ್ತಿರಲಿಲ್ಲ ಎಂದು ಹೇಳಿ, ಜಿಮ್‌ಗೆ ಹೋಗಿ ತೂಕ ಎತ್ತಿ ಎಂದರು.

ಹೀಗೆ ಸೇವಂತಿ ಜಿಮ್ ಸೇರಿದಳು. ಸ್ಟೇಷನ್ನಿನ ಹತ್ತಿರದ ಒಂದು ಬಿಲ್ಡಿಂಗಿನ ನೆಲಮಾಳಿಗೆ. ಊಟದ ಗದ್ದಲ ಮುಗಿದ ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿ ಹೆಚ್ಚು ಜನ ಇರುತ್ತಿರಲಿಲ್ಲ. ಟ್ರೇನರ್ ಹಿತೇಶ್ ಮೊದಲ ದಿನ ಆಂಟಿ ಎಂದ, ಎರಡನೇ ವಾರ ತನ್ನ ಗುಜರಾತಿಯಲ್ಲಿ, ಅಕ್ಕ ಎಂಬಂತೆ, ಸೇವಂತಿಬೆನ್ ಎಂದ. ನೆಲದ ಮೇಲಿನ ಕಬ್ಬಿಣದ ಸಲಾಕೆಯನ್ನು ಬಗ್ಗಿ ಹಿಡಿದು, ಬೆನ್ನು ನೇರವಿಟ್ಟು, ನಿಂತುಕೊಳ್ಳುವುದು ಅವನು ಕಲಿಸಿದ ಮುಖ್ಯ ಪಾಠ. ಉಸಿರು ತುಂಬಿಸಿ ಹಿಡಿದಿಡಬೇಕು, ಹೊಟ್ಟೆ ಬಿಗಿಯಾಗಬೇಕು, ಎತ್ತಿ ನಿಂತ ಮೇಲೆ ಬಿಡಬೇಕು ಎಂದು ಹಿಂದಿಯಲ್ಲಿ ವಿವರಿಸಿದ. ಸೇವಂತಿ ಮೊದಲ ಸಲವೇ ಸರಿಯಾಗಿ ಮಾಡಿದಳು. ಇದಕ್ಕೆ ಉಳಿದವರಿಗೆ ತಿಂಗಳುಗಳೇ ಬೇಕು, ನಿಮಗೆ ಯಾರು ಕಲಿಸಿದರು ಎಂದು ಅವನು ಬೆರಗಾದ. ಅವಳು ಹೆಮ್ಮೆಯಿಂದ ನಕ್ಕಳು.

ಅವಳಿಗೆ ಆ ಜಾಗ ಇಷ್ಟವಾಯಿತು. ಅದುವರೆಗೆ ಅವಳು ಎತ್ತಿದ್ದೆಲ್ಲ ಎಲ್ಲಿಗೋ ಒಯ್ಯುವುದಕ್ಕೆ. ಒಲೆಯಿಂದ ಕಲ್ಲಿಗೆ, ನಲ್ಲಿಯಿಂದ ಮನೆಗೆ, ಕೆಳಗಿನಿಂದ ಮಾಳಿಗೆಗೆ. ಇಲ್ಲಿ ಎತ್ತಿದ್ದನ್ನು ಎತ್ತಿದಲ್ಲೇ ಇಳಿಸುವುದು. ಏನೂ ಎಲ್ಲಿಗೂ ಹೋಗುವುದಿಲ್ಲ. ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೂ ಎತ್ತಿ ನಿಂತ ಆ ಒಂದು ಗಳಿಗೆಯಲ್ಲಿ ಅವಳ ಮೈಯೊಳಗೆ ಬೆಳಗಿನ ಹಾಗೆ ಏನೋ ತೆರೆದುಕೊಳ್ಳುತ್ತಿತ್ತು. ತೊಡೆಗಳು ಗಟ್ಟಿಯಾದವು. ಮೆಟ್ಟಿಲಿನಲ್ಲಿ ಮಂಡಿಗಳು ಸುಮ್ಮನಾದವು. ಗ್ಯಾಸ್ ಸಿಲಿಂಡರನ್ನು ಅವಳೊಬ್ಬಳೇ ಬಾಗಿಲಿನಿಂದ ಒಲೆಯವರೆಗೆ ಹೊತ್ತು ತಂದದ್ದನ್ನು ನೋಡಿದ ಮೋನಪ್ಪ, ಇನ್ನು ನಾನು ಜಗಳ ಮಾಡುವಾಗ ಬಾಗಿಲ ಹತ್ತಿರವೇ ನಿಲ್ಲಬೇಕು ಎಂದ.

ಆದರೆ ಕಾತಾ ಕೆಟ್ಟಿತು.

ಅದು ಮೆಲ್ಲಗೆ ಆಯಿತು. ಮೊದಲು ತಿರುವುಗಳು ಬಿಗಿದವು. ಆಮೇಲೆ ಹೆಗಲು ಕಿವಿಯ ಕಡೆಗೆ ಏರತೊಡಗಿತು. ಗುದ್ದಿನಲ್ಲಿ ಬಲ ಬಂದಿತ್ತು, ಆದರೆ ಅದು ಮೊಣಕೈಯಲ್ಲೇ ಬೀಗ ಹಾಕಿಕೊಂಡು ನಿಲ್ಲುತ್ತಿತ್ತು. ಮುಂಗಾರು ಹಿಡಿದ ಒಂದು ಸಂಜೆ, ಕಾತಾದ ನಡುವೆ ಅವಳ ಕಣ್ಣೆದುರು ಹಾಲ್ ಕಪ್ಪಾಗಿ, ಗೋಡೆ ದೂರ ಸರಿದು, ಅವಳು ಕೂತುಬಿಟ್ಟಳು. ಒಂದು ಮಗು ನೀರಿನ ಬಾಟಲಿ ತಂದಿತು. ಶಿವಪುತ್ರ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಕಬ್ಬಿಣ ನಿಮ್ಮ ಮೈಯನ್ನು ಕಬ್ಬಿಣವಾಗಿಸಿದೆ, ಡಿಸೆಂಬರ್ ಮುಗಿಯುವ ತನಕ ಜಿಮ್ ಬಿಡಿ ಎಂದರು. ತಾವೇ ಕಳಿಸಿದ್ದು ಎಂಬುದು ಅವರ ಮುಖದಲ್ಲಿತ್ತು.

ಹಿತೇಶನಿಗೆ ಹೇಳಿದಾಗ ಅವನು ಬೇರೆ ಮಾತಾಡಿದ. ದೇಹಕ್ಕೆ ಎರಡು ಯಜಮಾನರು ಆಗುವುದಿಲ್ಲ, ಎರಡು ತಿಂಗಳು ಕರಾಟೆ ಬಿಡಿ, ಬಲ ಪೂರ್ತಿ ಕೂರಲಿ, ಆಮೇಲೆ ಹೋಗಿ. ಯಕ್ಷಿತಾ ಈಗ ಕಾಲೇಜಿನಲ್ಲಿದ್ದಳು. ಮನೆಯ ತುಳು ಅವಳಿಗೆ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಹಿಂದಿ, ಇಂಗ್ಲಿಷು ಎಲ್ಲ ಸೇರಿಕೊಳ್ಳುತ್ತಿತ್ತು. ಅವಳು ಫೋನಿನಿಂದ ಕಣ್ಣೆತ್ತದೆ ಹೇಳಿದಳು:

"ಅಮ್ಮಾ, ಎರಡೂ ಬಿಡು ನಾ. ಇಟ್ಸ್ ಓಕೆ ಯಾರ್. ಬೆಲ್ಟ್ ಎಲ್ಲಿ ಅಂತ ನಿನ್ನನ್ನ ಕೇಳೋದು ಯಾರು?"

ಯಾರೂ ಕೇಳುವುದಿಲ್ಲ ಎಂಬುದು ನಿಜ. ಸೇವಂತಿ ಉದ್ದಿನಬೇಳೆ ತೊಳೆಯುತ್ತ ಆ ಮಾತನ್ನೇ ಯೋಚಿಸಿದಳು. ಇಡ್ಲಿ ಎಲ್ಲಿ ಎಂದು ಇಡೀ ಗೋರೆಗಾಂವ್ ಕೇಳುತ್ತದೆ. ಬೆಲ್ಟನ್ನು ಯಾರೂ ಕೇಳದಿರುವುದಕ್ಕೇ ಅದು ಅವಳಿಗೆ ಬೇಕಿತ್ತು. ಬೇಳೆಯ ನೀರು ಬಸಿದು, ಗ್ರೈಂಡರಿನ ಪಕ್ಕದಲ್ಲಿ ಇಟ್ಟಳು.

ಅವಳು ಜಿಮ್ ಬಿಟ್ಟಳು. ಕೆಲವು ದಿನ ಕಾತಾ ಸಡಿಲವಾಯಿತು. ಆಮೇಲೆ ಹಿಂದಿನಂತೆಯೇ ಟೊಳ್ಳಾಯಿತು. ಮಧ್ಯಾಹ್ನ ಬಂತೆಂದರೆ ಅಂಗೈಗಳು ಸಲಾಕೆಯ ತಣ್ಣನೆಯನ್ನು ಹುಡುಕುತ್ತಿದ್ದವು. ಲೋಕಲಿನಲ್ಲಿ ಕಣ್ಣು ಮುಚ್ಚಿದರೆ ಖಾಡಿಯ ಮೇಲೆ ಅದೇ ಸದ್ದಿಲ್ಲದ ಚಿತ್ರ: ಹಗ್ಗ, ಬೆನ್ನು, ನೀರು. ಗಾಡಿಯ ಸದ್ದು ಕೂಡ ಆ ಚಿತ್ರದೊಳಗೆ ಹೋಗುತ್ತಿರಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಮಳೆ ನಿಲ್ಲಲಿಲ್ಲ. ಗಲ್ಲಿಯ ಚರಂಡಿ ತುಂಬಿ, ನೀರು ಮೊದಲು ಹೊಸ್ತಿಲಿನಲ್ಲಿ ನಿಂತು, ಆಮೇಲೆ ಒಳಗೆ ಬಂತು. ಗಿರಾಕಿಗಳು ಆಗಲೇ ಹೊರಟುಹೋಗಿದ್ದರು. ಮೋನಪ್ಪ ಹಿಟ್ಟಿನ ಡಬ್ಬಗಳನ್ನು ಮೇಲಿನ ಹಲಗೆಗೆ ಏರಿಸಿದ. ಉಳಿದದ್ದು ಗ್ರೈಂಡರು. ಅದರ ಮೋಟಾರು ಕೆಳಗಿತ್ತು, ನೀರು ತಾಗಿದರೆ ಹೋಯಿತು. ಪ್ಲಗ್ಗು ಕಿತ್ತು ಇಬ್ಬರೂ ಎರಡು ಕಡೆ ನಿಂತರು.

ಸೇವಂತಿ ಬಗ್ಗಿ, ಬೆನ್ನು ನೇರ ಮಾಡಿ, ಉಸಿರು ಎಳೆದುಕೊಂಡು ಬಾಯಿ ಮುಚ್ಚಿದಳು. ಎತ್ತಿದರು. ಅವಳ ಕಡೆ ಎದ್ದಿತು, ಮೋನಪ್ಪನ ಕಡೆ ಏಳಲಿಲ್ಲ. ಇಬ್ಬರ ಬಲ ಬೇರೆ ಬೇರೆ ಗಳಿಗೆಯಲ್ಲಿ ಬಂದಿತ್ತು. ಗ್ರೈಂಡರು ವಾಲಿ ಮತ್ತೆ ನೀರಿನಲ್ಲಿ ಕೂತಿತು. ಮೊಣಕಾಲಿನವರೆಗೆ ಕೆಸರು ಚಿಮ್ಮಿತು.

"ಎಂತ ಮಾರಾಯ್ತಿ, ಬಾಯಿಗೆ ಬೀಗ ಹಾಕಿ ಎತ್ತಿದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದ ಮೋನಪ್ಪ. ಅವನೂ ಕಡಲ ದಡದವನೇ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಮತ್ತೆ ಬಗ್ಗಿ, ಯೋಚಿಸದೆಯೇ ಕರೆ ಕೊಟ್ಟ. "ಐಸಾ."

ಕರೆ ಕೊಟ್ಟ ಮೇಲೆ ಓಗೊಡದೆ ಇರುವುದು ಆ ದಡದವರಿಗೆ ಆಗದು. ದೋಣಿ ನೂಕುವಾಗ, ಬಲೆ ಎಳೆಯುವಾಗ, ಹಗ್ಗದ ಮುಂದಿರುವವನು ಐಸಾ ಎಂದರೆ ಹಿಂದಿರುವವರೆಲ್ಲ ಐಲೇಸಾ ಎನ್ನಬೇಕು. ಎಲ್ಲರ ಉಸಿರೂ ಎಳೆತವೂ ಒಟ್ಟಿಗೆ ಹೋಗುವುದು ಆಗಲೇ. ಸೇವಂತಿಯ ಬಾಯಿ ಅವಳನ್ನು ಕೇಳದೆ ತೆರೆದುಕೊಂಡಿತು. "ಐಲೇಸಾ" ಎಂದಳು. ಉಸಿರೆಲ್ಲ ಹೊರಗೆ ಹೋಯಿತು. ಗ್ರೈಂಡರು ಖಾಲಿ ಬುಟ್ಟಿಯ ಹಾಗೆ ಎದ್ದು ಕಟ್ಟೆಯ ಮೇಲೆ ಕೂತಿತು.

ಮೋನಪ್ಪ ಕೈ ತೊಳೆಯಲು ಹೋದ. ಸೇವಂತಿ ನೀರಿನಲ್ಲೇ ನಿಂತಿದ್ದಳು. ಪಾದದ ಸುತ್ತ ಕಂದು ನೀರು ಸುಳಿಯುತ್ತಿತ್ತು, ಅದರಲ್ಲಿ ಒಂದು ಕರಿಬೇವಿನ ಎಲೆ ತಿರುಗುತ್ತಿತ್ತು. ಅವಳ ಕಿವಿಯಲ್ಲಿ ಈಗ ಸದ್ದು ಇತ್ತು. ಮುಂದಿನಿಂದ ಅಪ್ಪನ ದನಿ, ಅದಕ್ಕೆ ಊರಿನ ದನಿ, ಬಾಲದಲ್ಲಿ ತನ್ನದೇ ತೆಳ್ಳನೆಯ ದನಿ. ಹಾಗಾದರೆ ತಾನು ಆಗ ಕೂಗುತ್ತಿದ್ದಳು. ಯಾವಾಗ ನಿಂತಿತು?

ಉತ್ತರ ಕಣ್ಣೆದುರಿಗೇ ಇತ್ತು. ಗೋಡೆಯ ಪಕ್ಕದಲ್ಲಿ, ಬಾಗಿಲು ಮುಚ್ಚಿಕೊಂಡು, ತಣ್ಣಗೆ ನಿಂತಿತ್ತು ಸ್ಟೀಮರು.

ಅವಳು ಅದರ ಹತ್ತಿರ ಹೋದಳು. ಒಳಗೆ ಬೆಂಕಿಯಿಲ್ಲ, ಹಬೆಯಿಲ್ಲ. ಹಿಡಿಗೆ ಕೈ ಹಾಕಿದಳು. ಕೈ ತಾಗುವ ಮೊದಲೇ ಎದೆ ತುಂಬಿತು, ಬಾಯಿ ಮುಚ್ಚಿತು, ಮುಖ ಆಚೆ ತಿರುಗಿತು. ಇಷ್ಟು ವರ್ಷ ತನ್ನೊಳಗೆ ಅತ್ತೆ ನಿಂತಿದ್ದಾರೆ ಎನಿಸಿತು, ಕಾಪಾಡುತ್ತ. ಅವರ ತಪ್ಪೇನೂ ಇರಲಿಲ್ಲ. ಹಬೆಯ ಎದುರು ಆ ಪಾಠ ಸರಿಯಾದದ್ದೇ. ತಾನು ಅದನ್ನು ಲೋಕದ ಎಲ್ಲ ಭಾರಕ್ಕೂ ಹಚ್ಚಿಕೊಂಡಿದ್ದಳು, ಅಷ್ಟೇ. ಜಿಮ್‌ನಲ್ಲಿ ಹಿತೇಶ್ ಹೊಗಳಿದ್ದು ಇದೇ ಉಸಿರನ್ನು. ಹೊಗಳಿದ ಮೇಲೆ ಅದು ಇನ್ನೂ ಗಟ್ಟಿಯಾಗಿ ಕೂತಿತ್ತು.

ಮರುವಾರ ಅವಳು ನೆಲಮಾಳಿಗೆಗೆ ಹೋಗಿ ಸಲಾಕೆಯಿಂದ ತೂಕ ಇಳಿಸಲು ಹೇಳಿದಳು. ಅರ್ಧಕ್ಕೂ ಕಡಿಮೆ. ಹಿತೇಶ್ ಬೇಸರಪಟ್ಟ, ಇಷ್ಟು ತಿಂಗಳ ಶ್ರಮ ಎಂದ. ಉಸಿರು ಹಿಡಿಯದೆ ಎತ್ತಿ ನೋಡುತ್ತೇನೆ ಎಂದಾಗ ಭಾರ ಹೆಚ್ಚಾದರೆ ಬೆನ್ನು ಹೋಗುತ್ತದೆ ಎಂದು ಹೆದರಿಸಿದ. ಅದಕ್ಕೇ ಇಳಿಸಲು ಹೇಳಿದ್ದು ಎಂದಳು. ಬಗ್ಗಿ ಹಿಡಿದು, ಎತ್ತುವಾಗ ಮೆಲ್ಲಗೆ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಷ್ಟು, ಐಸಾ ಎಂದಳು. ಸಲಾಕೆ ಉಸಿರಿನ ಜೊತೆ ಏರಿತು. ಅವಳು ಇಳಿಸಿ ಮತ್ತೆ ಎತ್ತಿದಳು.

ಇದು ಯಾವ ದೇವರ ಹೆಸರು ಎಂದು ಹಿತೇಶ್ ಕೇಳಿದ. ಮೀನಿನದು ಎಂದಳು. ಸಸ್ಯಾಹಾರಿ ಹಿತೇಶ್ ಸಲಾಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವನೇ ಅವಳ ವಾರವನ್ನು ಎರಡು ಪಾಲು ಮಾಡಿಕೊಟ್ಟ. ಕ್ಲಾಸಿಲ್ಲದ ದಿನ ದೊಡ್ಡ ತೂಕ, ಉಸಿರು ಹಿಡಿದು, ನಿಧಾನವಾಗಿ. ಕ್ಲಾಸಿನ ದಿನ ಸಣ್ಣ ತೂಕ, ಬಾಯಿ ಬಿಟ್ಟು, ಬೇಗ. ಎರಡು ಉಸಿರನ್ನೂ ಬೇರೆ ಬೇರೆಯಾಗಿ ಕಲಿಯಬೇಕು ಎಂದು ಅವನಿಗೂ ಆಗ ಹೊಳೆಯಿತು. ಶಿವಪುತ್ರರಿಗೆ ಅವಳು ಎಲ್ಲವನ್ನೂ ಹೇಳಿದಾಗ ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಒಲೆಯ ಮೇಲೆ ಇಟ್ಟು ಬಂದಿರೇನು ಎಂದಿದ್ದು ನೆನಪಾಗಿ, ನಾನು ಸುಮ್ಮನೆ ಅಂದದ್ದು ಎಂದರು.

ಹಳೆಯ ಉಸಿರು ಸುಲಭವಾಗಿ ಬಿಡಲಿಲ್ಲ. ಬೆಳಿಗ್ಗೆ ಸ್ಟೀಮರಿನ ಮುಂದೆ ಅದನ್ನು ಹಿಡಿಯಲೇಬೇಕಿತ್ತು, ಸಂಜೆ ಬಿಡಬೇಕಿತ್ತು. ಎಷ್ಟೋ ಸಂಜೆ ಬಾಯಿ ಮುಚ್ಚಿಯೇ ಇರುತ್ತಿತ್ತು. ಲೋಕಲಿನ ಕಿಟಕಿಯಲ್ಲಿ ಕೂತು, ಕಾಲ್ಬೆರಳಿನ ಕಾತಾದ ಜೊತೆ ಈಗ ಅವಳು ಮೆಲ್ಲಗೆ ಉಸಿರು ಊದುವುದನ್ನೂ ಸೇರಿಸಿದಳು. ಗಾಜಿನ ಮೇಲೆ ಸಣ್ಣ ಮಂಜು ಮೂಡಿ ಅಳಿಯುತ್ತಿತ್ತು. ಎದುರಿನ ಸೀಟಿನ ಹೆಂಗಸು ಒಮ್ಮೆ ದಮ್ಮಿನ ತೊಂದರೆಯಾ ಎಂದು ವಿಚಾರಿಸಿ, ಮಲಾಡಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದು ತಿಳಿಸಿದಳು. ಸೇವಂತಿ ವಿಳಾಸ ಕೇಳಿಕೊಂಡಳು, ಬೇಡ ಎನ್ನುವುದು ಚೆನ್ನಾಗಿರುವುದಿಲ್ಲವೆಂದು.

ಪರೀಕ್ಷೆ ಒಂದು ಭಾನುವಾರ ಬಂತು. ಅಂದು ಆಫೀಸುಗಳಿಗೆ ರಜೆ, ಕ್ಯಾಂಟೀನಿಗೂ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ವಡಾಲದ ಹಾಲಿಗೆ ಬಾರದಿದ್ದ ಮೋನಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯಲ್ಲಿ ಕೂತು ಏನು ಮಾಡುವುದು ಎಂದು ಹೇಳಿ ಜೊತೆಗೆ ಹೊರಟ. ಗಂಡಸರ ಡಬ್ಬಿ, ಹೆಂಗಸರ ಡಬ್ಬಿ ಎಂದು ಬೇರೆಯಾಗದೆ ಇಬ್ಬರೂ ಜನರಲ್ ಡಬ್ಬಿಯಲ್ಲೇ ಕೂತರು. ಖಾಡಿಯ ಮೇಲೆ ಅವಳು ಕಣ್ಣು ಮುಚ್ಚಿದ್ದನ್ನು ನೋಡಿ ಅವನು ಮಾತು ನಿಲ್ಲಿಸಿದ.

ಪರೀಕ್ಷಕಿಯ ಕೂದಲು ಇನ್ನಷ್ಟು ಬಿಳಿಯಾಗಿತ್ತು. ಹೆಸರು ಕರೆದಾಗ ಸೇವಂತಿ ಹಾಲಿನ ನಡುವೆ ಹೋಗಿ ನಿಂತು ನಮಿಸಿದಳು. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಅದೇ ಮೆಟ್ಟಿಲ ಮೇಲೆ, ಮೋನಪ್ಪ ಕೂತಿದ್ದ.

ಮೊದಲ ಹೆಜ್ಜೆಗಳು ತಾವಾಗಿಯೇ ಹೋದವು. ನೆಲ ಸಿಮೆಂಟಿನದು, ಆದರೆ ಹಿಮ್ಮಡಿ ಊರಿದಲ್ಲಿ ಅದು ಸ್ವಲ್ಪ ಕುಸಿದು ಜಾಗ ಕೊಟ್ಟಂತಾಯಿತು. ತಿರುಗಿದಳು. ತಡೆದಳು. ಗಾಳಿಯಲ್ಲಿ ಬಿಳಿ ಬಟ್ಟೆಯ ಸದ್ದು, ದೂರದಲ್ಲಿ ಸ್ಟೇಷನ್ನಿನ ಘೋಷಣೆ, ಅದರಾಚೆ ಏನೂ ಇಲ್ಲ. ಕೂಗುವ ಜಾಗ ಹತ್ತಿರ ಬರುತ್ತಿತ್ತು. ಎದೆ ತುಂಬಿತು. ತುಟಿಗಳು ಸೇರಿಕೊಂಡವು. ಬಾಯಿಯ ಮುಂದೆ ಹಬೆ ನಿಂತಿರುವುದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು, ಬೆಳ್ಳಗೆ, ಬಿಸಿಯಾಗಿ, ಬಾಗಿಲು ತೆರೆದ ಕೂಡಲೇ ಬರುವ ಮೊದಲ ಅಲೆ. ಅದರಾಚೆ ಹಗ್ಗವಿತ್ತು.

ಅವಳು ಹಬೆಯೊಳಗೆ ಗುದ್ದಿದಳು.

"ಐಸಾ."

ಅದು ದೊಡ್ಡ ಕೂಗೇನಲ್ಲ. ಆದರೆ ಹೊಡೆತದ ಜೊತೆಗೇ ಹೋಯಿತು, ಮೊದಲೂ ಅಲ್ಲ, ಆಮೇಲೂ ಅಲ್ಲ. ಹಿಂದಿನ ಕಾಲಿನಿಂದ ಹೊರಟದ್ದು ಸೊಂಟ ದಾಟಿ, ಹೆಗಲು ದಾಟಿ, ಎಲ್ಲೂ ನಿಲ್ಲದೆ ಗೆಣ್ಣಿನವರೆಗೆ ಬಂತು. ಯಾವುದೋ ಮಗು ಕಿಸಕ್ಕೆಂದಿತು. ಮೆಟ್ಟಿಲ ಕಡೆಯಿಂದ, ತಡೆದುಕೊಳ್ಳಲಾಗದವನ ಹಾಗೆ, ತಗ್ಗಿದ ದನಿಯೊಂದು ಓಗೊಟ್ಟಿತು: "ಐಲೇಸಾ."

ಶಿವಪುತ್ರ ತಿರುಗಿ ನೋಡಿದರು. ಮೋನಪ್ಪ ಚಪ್ಪಲಿಗಳನ್ನು ಜೋಡಿಸುವವನಂತೆ ಬಗ್ಗಿದ.

ಸೇವಂತಿಗೆ ಅದು ಕೇಳಿಸಿತೋ ಇಲ್ಲವೋ ಅವಳ ಮುಖದಿಂದ ತಿಳಿಯುತ್ತಿರಲಿಲ್ಲ. ಉಳಿದ ಕಾತಾ ಬಲೆ ದಡಕ್ಕೆ ಬರುವ ಹಾಗೆ ಬಂತು, ಆತುರವಿಲ್ಲದೆ, ತುಂಬಿಕೊಂಡು. ಕೊನೆಯ ಕೂಗು ಮೊದಲಿನದಕ್ಕಿಂತ ಮೆತ್ತಗಿತ್ತು, ಆದರೂ ಹೊರಗೆ ಬಂತು. ಅವಳು ನಮಿಸಿ, ಹಿಂದೆ ಸರಿದು, ಬರಿಯ ಬಾಯಿಯಿಂದ ಉಸಿರಾಡುತ್ತ ನಿಂತಳು.

ಪರೀಕ್ಷಕಿ ಅದೇನು ಶಬ್ದ ಎಂದು ಶಿವಪುತ್ರರನ್ನು ಕೇಳಿದರು. ಅವರ ಊರ ಕಡಲಿನದು ಎಂದು ಅವರು ಹೇಳಿದರು. ಆಕೆ ಮೆಟ್ಟಿಲ ಮೇಲಿದ್ದ ಇಸ್ತ್ರಿ ಅಂಗಿಯ ಮನುಷ್ಯನನ್ನು ನೋಡಿದರು, ಮತ್ತೆ ಸೇವಂತಿಯನ್ನು ನೋಡಿದರು.

"ಈ ಸಲ ಮನೆಯೊಳಗೆ ಜನ ಇದ್ದಾರೆ," ಎಂದರು ಮರಾಠಿಯಲ್ಲಿ. "ಹೊರಗೆ ಕೂಡ."

ವಾಪಸು ಗಾಡಿಯಲ್ಲಿ ಕಪ್ಪು ಬೆಲ್ಟು ಸ್ಟೀಲಿನ ಟಿಫಿನ್ ಡಬ್ಬಿಯ ಪಕ್ಕ, ಚೀಲದಲ್ಲಿ ಸುರುಳಿಯಾಗಿ ಮಲಗಿತ್ತು. ಯಕ್ಷಿತಾಳಿಗೆ ಫೋಟೋ ಕಳಿಸಿದ್ದಕ್ಕೆ ಸಾಲು ಸಾಲು ಹೃದಯಗಳು ಬಂದಿದ್ದವು, ಅದರ ಕೆಳಗೆ, ರಾತ್ರಿ ಏನು ತಿನ್ನುವುದು ಎಂಬ ಪ್ರಶ್ನೆ. ಮಾಹಿಮ್ ದಾಟಿತು. ಖಾಡಿಯ ನೀರಿನ ಮೇಲೆ ಸಂಜೆಯ ಬೆಳಕು ಚೂರುಚೂರಾಗಿ ಬಿದ್ದಿತ್ತು, ಎಳೆದು ತಂದ ಬಲೆಯಲ್ಲಿ ಮೀನು ಹೊಳೆಯುವ ಹಾಗೆ. ಸೇವಂತಿ ಕಿಟಕಿಯ ಗಾಳಿಗೆ ಬಾಯಿ ತೆರೆದು ಕೂತಿದ್ದಳು.

ಮೋನಪ್ಪ ಇದ್ದಕ್ಕಿದ್ದಂತೆ ನೆಟ್ಟಗೆ ಕೂತ.

"ನಾಳೆಗೆ ಉದ್ದು ನೆನೆ ಹಾಕಿದ್ದೀಯಾ?"

ಅವಳು ಹಾಕಿರಲಿಲ್ಲ. ಕ್ಯಾಂಟೀನು ತೆರೆದ ಮೇಲೆ ಮೊದಲ ಸಲ ಮರೆತಿದ್ದಳು. ಈಗ ಹೋಗಿ ನೆನೆಸಿದರೆ ಬೆಳಿಗ್ಗೆಗೆ ಹಿಟ್ಟು ಹುಳಿ ಬರುವುದಿಲ್ಲ. ಅವಳು ಸ್ವಲ್ಪ ಯೋಚಿಸಿದಳು, ಅಥವಾ ಯೋಚಿಸುವವಳ ಹಾಗೆ ನೀರನ್ನು ನೋಡಿದಳು.

"ನಾಳೆ ಉಪ್ಪಿಟ್ಟು," ಎಂದಳು.

ಮೋನಪ್ಪ ಗಿರಾಕಿಗಳ ಮುಖಗಳನ್ನು ಒಂದೊಂದಾಗಿ ಊಹಿಸಿಕೊಂಡು ನಿಟ್ಟುಸಿರು ಬಿಟ್ಟ. ಆಮೇಲೆ ಅವನಿಗೂ ನಗು ಬಂತು. ಗಾಡಿ ಸೇತುವೆಯಿಂದ ನೆಲಕ್ಕೆ ಬಂತು. ಗೋರೆಗಾಂವಿನ ಮುಚ್ಚಿದ ಶಟರಿನ ಹಿಂದೆ ಸ್ಟೀಮರು ಖಾಲಿಯಾಗಿ, ತಣ್ಣಗೆ, ಇನ್ನೊಂದು ದಿನವೂ ಹಾಗೇ ನಿಂತಿರಲಿತ್ತು.